ಬೆಂಗಾಡಿನಲ್ಲಿ ಒಂದು ಹಗಲು

— ಈ ಕಲ್ಲುಬೆಂಚಿನ ಅಂಚಿನ ಮೇಲೆ ಅಂಗೈ ಇಟ್ಟು ನೋಡಿ ಸರ್. ಇಲ್ಲಿ, ನಯ ಮಾಡದೆ ಬಿಟ್ಟಿರುವ ಕಡೆ. ಗುಲಾಬಿ ಹರಳು, ಗಾಜಿನಂಥ ಬಿಳಿ ಹರಳು, ನಡುನಡುವೆ ಕರಿ ಚುಕ್ಕಿ. ಬೆಂಗಳೂರಿಗೆ, ಈ ಗಂಗಾನಗರಕ್ಕೆ ಬಂದಾಗಿನಿಂದ ಇದರ ಮೇಲೆ ಕೂತು ಎದ್ದಿದ್ದೇನೆ. ಇದನ್ನು ಕಣ್ಣಿಟ್ಟು ನೋಡಿದ್ದು ಮಾತ್ರ ಮಾರ್ಚಿನಿಂದ ಈಚೆಗೆ.

— ಮಾರ್ಚಿನಲ್ಲಿ ನೀವು ಅಮೆರಿಕದಲ್ಲಿದ್ದಿರಿ, ಮಗಳ ಮನೆಯಲ್ಲಿ.

— ನೋಡೋದನ್ನು ಅಲ್ಲೇ ಕಲಿತದ್ದು. ಒಂದು ಶನಿವಾರ ನಸುಕಿಗೇ ಎಬ್ಬಿಸಿ ಕಾರು ಹತ್ತಿಸಿದಳು. ಅವಳಿರುವ ಅರ್ವೈನ್‌ನಿಂದ ಪೂರ್ವಕ್ಕೆ ಎರಡು ಗಂಟೆ ಚಿಲ್ಲರೆ ದಾರಿ, ಜೋಶುವಾ ಟ್ರೀ ನ್ಯಾಷನಲ್ ಪಾರ್ಕ್. ಮರುಭೂಮಿಗೆ ಹೋಗ್ತಿದ್ದೀವಿ ಅಂದಾಗ ನನ್ನ ಕಣ್ಣಿಗೆ ಬಂದದ್ದು ಕ್ಯಾಲೆಂಡರಿನ ರಾಜಸ್ಥಾನ: ಮರಳ ದಿಬ್ಬ, ಒಂಟೆ, ಮುಳುಗುವ ಸೂರ್ಯ. ಗೇಟು ದಾಟಿ ಸ್ವಲ್ಪ ದೂರ ಹೋದದ್ದೇ ಕಾರು ನಿಲ್ಲಿಸು ಅಂದೆ. ಎದುರಿಗೆ ಹಂಪಿ ಇತ್ತು.

— ಹಂಪಿಯೇ?

— ಗುಡಿ ಗೋಪುರ ಇಲ್ಲದ ಹಂಪಿ. ಬಂಡೆಯ ಮೇಲೆ ಬಂಡೆ, ಅದರ ಮೇಲೊಂದು ಗುಂಡು, ಯಾರೋ ಮಗು ಆಡಿ ಬಿಟ್ಟುಹೋದ ಹಾಗೆ. ಮಾತಂಗ ಬೆಟ್ಟದ ಮೇಲೆ ನಿಂತು ಕೆಳಗೆ ನೋಡಿದರೆ ಕಾಣುತ್ತಲ್ಲ, ಅದೇ ಬಣ್ಣ, ಅದೇ ದುಂಡು. ಹೊಳೆ ಇಲ್ಲ, ಬಾಳೆತೋಟ ಇಲ್ಲ ಅಷ್ಟೇ. ಅಷ್ಟು ದೂರ ಹೋಗಿ ನಮ್ಮೂರನ್ನು ನೋಡಿದ ಹಾಗಾಗಿ ಕಣ್ಣು ತುಂಬಿ ಬಂತು, ಸರ್. ಮಗಳಿಗೆ ಏನೂ ಅರ್ಥವಾಗಲಿಲ್ಲ.

— ನನಗೆ ಅರ್ಥವಾಗುತ್ತೆ. ಎರಡು ಕಡೆಯೂ ಕೆಲಸ ಮಾಡಿರುವುದು ಒಂದೇ ಕೈ. ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ತಣ್ಣಗಾಗಿ ಗ್ರಾನೈಟ್ ಆಗುತ್ತೆ. ನಿಧಾನವಾಗಿ ಆರಿದ್ದರಿಂದಲೇ ಈ ಹರಳುಗಳು ಇಷ್ಟು ದಪ್ಪ, ಈಗ ನಿಮ್ಮ ಬೆರಳಿಗೆ ಸಿಗುತ್ತಿವೆಯಲ್ಲ. ಮೇಲಿನ ಭಾರ ಕಳೆದಂತೆ ಅದರಲ್ಲಿ ಅಡ್ಡಡ್ಡ, ಉದ್ದುದ್ದ ಬಿರುಕು ಬೀಳುತ್ತೆ. ಬಿರುಕಿನಲ್ಲಿ ನೀರು ಇಳಿಯುತ್ತೆ. ಚೌಕದ ಮೂಲೆಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಮೊದಲು ಸವೆಯುವುದು ಮೂಲೆಯೇ. ಚೌಕದ ಬೆಲ್ಲದಚ್ಚನ್ನು ಮಳೆಯಲ್ಲಿ ಬಿಟ್ಟರೆ ಉಂಡೆಯಾಗುವುದಿಲ್ಲವೇ, ಹಾಗೆ. ಸುತ್ತಲಿನ ಪುಡಿಮಣ್ಣು ಪ್ರವಾಹದಲ್ಲಿ ಕೊಚ್ಚಿಹೋದ ಮೇಲೆ ಉಂಡೆಗಳು ಮಾತ್ರ ಒಂದರ ಮೇಲೊಂದು ಕೂತುಕೊಳ್ಳುತ್ತವೆ. ಶಾಲೆಯಲ್ಲಿ ಮೂವತ್ತು ವರ್ಷ ಇದನ್ನೇ ಪಾಠ ಮಾಡಿದೆ. ಮಕ್ಕಳನ್ನು ಬಂಡೆಯ ಹತ್ತಿರ ಕರೆದುಕೊಂಡು ಹೋದದ್ದು ಮಾತ್ರ ಎರಡೇ ಸಲ. ಆ ಕೊರಗು ಈಗಲೂ ಇದೆ.

— ಅಲ್ಲಿನ ಬೋರ್ಡಿನಲ್ಲಿ ಹತ್ತು ಕೋಟಿ ವರ್ಷಕ್ಕೂ ಹಳೆಯದು ಅಂತ ಬರೆದಿತ್ತು.

— ಹಾಗಾದರೆ ಆ ಬಂಡೆ ಇನ್ನೂ ಎಳೆಯದು. ರಾಮನಗರದಿಂದ ಹೊರಟು ತುಮಕೂರು ಸೀಮೆ ಹಾದು ಹೊಸಪೇಟೆ, ಕೊಪ್ಪಳದ ತನಕ ಉತ್ತರಕ್ಕೆ ಚಾಚಿರುವ ನಮ್ಮ ಬಂಡೆಸಾಲಿಗೆ ಸುಮಾರು 250 ಕೋಟಿ ವರ್ಷ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ. ರಾಮನಗರಕ್ಕೆ ಕಂಪನಿ ಕಾಲದಲ್ಲಿ ಕ್ಲೋಸ್‌ಪೇಟೆ ಅಂತ ಹೆಸರಿತ್ತಲ್ಲ, ಅದು ಕಲ್ಲಿನಲ್ಲಿ ಉಳಿದುಕೊಂಡಿದೆ. ಇರಲಿ. ನಡೆದದ್ದನ್ನು ಹೇಳಿ. ನಿಮ್ಮ ಮಂಡಿ ಒಪ್ಪಿತೇ?

— ಒಪ್ಪುವಷ್ಟೇ ನಡೆದೆವು. ಅಲ್ಲಿನ ಅನುಕೂಲವೇ ಅದು, ಒಂದು ಹಗಲಿನಲ್ಲಿ ಮೂರು ನಾಲ್ಕು ಪುಟ್ಟ ದಾರಿ ಮುಗಿಸಬಹುದು. ಮೊದಲು ಹಿಡನ್ ವ್ಯಾಲಿ, ಸುತ್ತು ಹಾಕಿದರೆ ಒಂದೂವರೆ ಕಿಲೋಮೀಟರು ಚಿಲ್ಲರೆ. ಸುತ್ತ ಬಂಡೆಯ ಕೋಟೆ, ನಡುವೆ ಒಂದು ಬಟ್ಟಲು. ಆಮೇಲೆ ಬಾರ್ಕರ್ ಡ್ಯಾಮ್, ಅದೂ ಎರಡು ಕಿಲೋಮೀಟರಿನೊಳಗೆ. ಮಗಳು, ಅಳಿಯ ರಯಾನ್ ಮೌಂಟನ್ ಹತ್ತಿದರು. ಹೋಗಿ ಬರಲು ಸುಮಾರು ಐದು ಕಿಲೋಮೀಟರು, ಏರು ಮುನ್ನೂರು ಮೀಟರಿಗೂ ಹೆಚ್ಚು. ನಾನು ಕಾಲುಭಾಗ ಹತ್ತಿ ಒಂದು ಕಲ್ಲುಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೂತದ್ದೇ ಒಳ್ಳೆಯದಾಯಿತು ಅನ್ನಿ.

— ಯಾಕೆ?

— ಎದುರಿಗೇ ಒಂದು ಜೋಶುವಾ ಮರ ಹೂ ಬಿಟ್ಟಿತ್ತು. ಮರ ಅಂತಾರೆ, ಒಳಗೆ ಮರದ ಉಂಗುರವೇ ಇಲ್ಲವಂತೆ, ಬರೀ ನಾರು. ನಮ್ಮ ಹೊಲದ ಬದುವಿನ ಕತ್ತಾಳೆಗೆ ಕೈ ಕಾಲು ಮೂಡಿ ಎದ್ದು ನಿಂತ ಹಾಗೆ. ವರ್ಷಕ್ಕೆ ಬೆಳೆಯುವುದು ಒಂದೆರಡು ಅಂಗುಲ. ಕೊಂಬೆಯ ತುದಿಯಲ್ಲಿ ಕೆನೆಬಣ್ಣದ ಗೊಂಚಲು. ಆ ಹೂವಿಗೆ ಒಂದೇ ಒಂದು ಜಾತಿಯ ನೆಂಟಸ್ತನ, ಯಕ್ಕಾ ಪತಂಗ. ಹೆಣ್ಣು ಪತಂಗ ಒಂದು ಹೂವಿನ ಪರಾಗವನ್ನು ಉಂಡೆ ಕಟ್ಟಿ ಬಾಯಡಿ ಹಿಡಿದು ತಂದು, ಇನ್ನೊಂದು ಹೂವಿನ ಕೀಲದ ತುದಿಗೆ ತಾನೇ ಒತ್ತಿ ಹಚ್ಚುತ್ತೆ, ಅಲ್ಲೇ ಮೊಟ್ಟೆ ಇಡುತ್ತೆ. ಮರಿ ಒಂದಷ್ಟು ಬೀಜ ತಿಂದು ಉಳಿದದ್ದನ್ನು ಮರಕ್ಕೆ ಬಿಡುತ್ತೆ. ಮರ ಇಲ್ಲದೆ ಪತಂಗ ಇಲ್ಲ, ಪತಂಗ ಇಲ್ಲದೆ ಮರ ಇಲ್ಲ. ಇಷ್ಟೆಲ್ಲ ನಡೆಯುವ ಜಾಗವನ್ನು ನಾನು ಖಾಲಿ ಅಂದುಕೊಂಡು ಹೋಗಿದ್ದೆನಲ್ಲ ಸರ್.

— ಕನ್ನಡದವರು ಹಾಗೆ ಅಂದುಕೊಳ್ಳಲೇಬಾರದಮ್ಮ. ನಮ್ಮ ಮಾತನ್ನು ನೋಡಿ. ಇಂಗ್ಲಿಷಿನ ಡೆಸರ್ಟ್ ಅನ್ನೋ ಪದದ ಬೇರಿನಲ್ಲಿ ಇರುವ ಅರ್ಥ ‘ತೊರೆದು ಹೋದದ್ದು’. ಕನ್ನಡ ಏನನ್ನುತ್ತೆ? ಮರಳುಗಾಡು. ಮರಳಿನ ಕಾಡು. ಬೆಂಗಾಡು, ಬೆಂದ ಕಾಡು. ಕೊನೆಗೆ ಹೆಣ ಸುಡುವ ಜಾಗಕ್ಕೂ ಸುಡುಗಾಡು. ಹಸಿರಿಲ್ಲದ ಕಡೆಯೂ ನಮ್ಮ ಹಿರಿಯರು ಕಾಡು ಅನ್ನೋ ಮಾತನ್ನು ಬಿಟ್ಟುಕೊಟ್ಟಿಲ್ಲ. ಬೆಂದದ್ದೂ ಕಾಡೇ.

— ಇಷ್ಟು ದಿನ ಬಾಯಲ್ಲಿ ಆಡಿದ್ದೇನೆ, ಕಿವಿಗೆ ಬಿದ್ದಿರಲಿಲ್ಲ.

— ನಾನು ಚಳ್ಳಕೆರೆ ಸೀಮೆಯವನು, ನನಗೆ ಬೀಳಲೇಬೇಕಿತ್ತು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ. ನಮ್ಮ ಕಡೆ ಅದರ ಅರ್ಧ ಬಂದರೆ ಆ ವರ್ಷ ಬದುಕಿದೆವು. ಲೆಕ್ಕದಲ್ಲಿ ಅದು ಮರುಭೂಮಿ ಅಲ್ಲ, 250 ಮಿಲಿಮೀಟರಿಗಿಂತ ಕಡಿಮೆ ಬಿದ್ದರೆ ಮಾತ್ರ ಮರುಭೂಮಿ ಅಂತಾರೆ. ಆದರೆ ಏಪ್ರಿಲ್ ಮಧ್ಯಾಹ್ನ ಅಲ್ಲಿನ ಮಸಾರಿ ಹೊಲದಲ್ಲಿ ಬರಿಗಾಲಲ್ಲಿ ನಿಂತವನಿಗೆ ಆ ಲೆಕ್ಕ ಹೇಳಿ ಪ್ರಯೋಜನವಿಲ್ಲ.

— ನೀರಿನ ವಿಷಯದಲ್ಲಿ ಮಗಳು ಬಹಳ ಬಿಗಿ. ಒಬ್ಬೊಬ್ಬರಿಗೆ ನಾಲ್ಕು ಲೀಟರು ಕಾರಿನಲ್ಲಿ ಇಟ್ಟ ಮೇಲೇ ಹೊರಟಿದ್ದು. ಪಾರ್ಕಿನ ಅಂಚಿನ ಕೆಲವು ಕಡೆ ಬಿಟ್ಟರೆ ಒಳಗೆಲ್ಲೂ ನಲ್ಲಿ ಇಲ್ಲ, ಫೋನು ಹಿಡಿಯುವುದಿಲ್ಲ. ಬಾಟಲಿ ಅರ್ಧವಾದರೆ ಎಲ್ಲಿದ್ದೀವೋ ಅಲ್ಲಿಂದಲೇ ತಿರುಗಬೇಕು, ಎದುರಿಗೆ ಎಷ್ಟೇ ಚೆಂದದ್ದು ಇರಲಿ. ಅಲ್ಲಿಂದ ಉತ್ತರಕ್ಕೆ ಡೆತ್ ವ್ಯಾಲಿ ಅಂತಿದೆ, ನೆಲ ಸಮುದ್ರಮಟ್ಟಕ್ಕಿಂತ 86 ಮೀಟರು ಕೆಳಗೆ. 1913ರ ಜುಲೈಯಲ್ಲಿ 56.7 ಡಿಗ್ರಿ ದಾಖಲಾದ ಜಾಗ. ಬೇಸಿಗೆಯಲ್ಲಿ ಅಲ್ಲಿನ ತಗ್ಗಿನಲ್ಲಿ ಬೆಳಿಗ್ಗೆ ಹತ್ತರ ಮೇಲೆ ನಡೆಯಬೇಡಿ ಅಂತ ರೇಂಜರುಗಳೇ ಹೇಳುತ್ತಾರಂತೆ.

— ಹತ್ತರ ಮೇಲೆ! ನಮ್ಮ ದೊಡ್ಡಪ್ಪನೂ ಅದನ್ನೇ ಹೇಳುತ್ತಿದ್ದರು. ಕುರಿ ಕಾಯುತ್ತಿದ್ದವರು. ಬೆಳ್ಳಿ ಮೂಡುವಾಗ ಅಂಬಲಿ ಕುಡಿದು ಹೊರಡೋರು, ಹೊತ್ತು ಮಾರುದ್ದ ಏರುವಷ್ಟರಲ್ಲಿ ಮಂದೆಯನ್ನು ಬೇವಿನ ನೆರಳಿಗೆ ತರೋರು. ಮಧ್ಯಾಹ್ನ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ಹುದುಗಿಸಿ ನಿಂತಿರುತ್ತವೆ, ನೋಡಿದ್ದೀರಾ? ಸ್ವಂತ ನೆರಳನ್ನು ಹಂಚಿಕೊಂಡು ನಿಲ್ಲೋದು. ಮತ್ತೆ ಹೊತ್ತು ಇಳಿದ ಮೇಲೇ ಏಳೋದು. ಹೆಗಲ ಮೇಲಿನ ಕರಿ ಕಂಬಳಿ ಚಳಿಗೆ ಮಾತ್ರ ಅಂತ ಪೇಟೆಯವರು ತಿಳಿದಿದ್ದಾರೆ. ಬಿಸಿಲಿಗೂ ಅದನ್ನೇ ತಲೆಯಿಂದ ಇಳಿಬಿಟ್ಟುಕೊಳ್ಳೋರು. ನಾನು ಓದಿದವನು, ಅವರ ಮಾತು ಕೇಳಲಿಲ್ಲ.

— ಏನಾಯಿತು?

— ಮೇಷ್ಟ್ರ ಕೆಲಸ ಸಿಕ್ಕಿದ ಹೊಸತು. ಏಪ್ರಿಲ್ ತಿಂಗಳು, ಹತ್ತೂವರೆಗೆ ಮಧುಗಿರಿ ಬೆಟ್ಟ ಹತ್ತಲು ಶುರು ಮಾಡಿದೆ. ಒಂದೇ ಬಾಟಲಿ ನೀರು. ಒಂದೇ ಬಂಡೆ ಅದು, ತುದಿ ಸಮುದ್ರಮಟ್ಟದಿಂದ ಸುಮಾರು 1,190 ಮೀಟರು. ಮೇಲಕ್ಕೆ ಹೋದಂತೆ ಬಂಡೆಯಲ್ಲೇ ಕಡಿದ ಮೆಟ್ಟಿಲು, ಪಕ್ಕಕ್ಕೆ ಕಂಬಿ. ಆ ಹೊತ್ತಿಗೆ ಕಂಬಿ ಹಿಡಿದರೆ ಅಂಗೈ ಸುಡುತ್ತೆ. ಬಿಸಿಲು ಮೇಲಿಂದ ಬರುತ್ತೆ ಅಂತ ಟೋಪಿ ಹಾಕಿದ್ದೆ. ಬಂಡೆ ಕೆಳಗಿಂದ ಕಾಸುತ್ತೆ ಅನ್ನೋದು ಹೊಳೆದಿರಲಿಲ್ಲ. ಕೋಟೆಯ ಎರಡನೇ ಬಾಗಿಲ ಹತ್ತಿರ ನೀರು ಮುಗಿಯಿತು. ಬೆವರು ನಿಂತಿತು. ಮೀನಖಂಡ ಕಲ್ಲಿನ ಹಾಗೆ ಗಂಟು ಕಟ್ಟಿತು, ಬಾಗಿಲ ನೆರಳಲ್ಲಿ ಬಿದ್ದುಕೊಂಡೆ. ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ತಾನು ಕಟ್ಟಿಕೊಂಡು ಬಂದಿದ್ದ ಉಪ್ಪು ಹಾಕಿದ ಮಜ್ಜಿಗೆ ಅಂಬಲಿಯನ್ನು ಗುಟುಕು ಗುಟುಕಾಗಿ ಕುಡಿಸಿದಳು. ಒಟ್ಟಿಗೆ ಕುಡಿಯಲು ಬಿಡಲಿಲ್ಲ. ಬೆವರಿನಲ್ಲಿ ಹೋಗುವುದು ನೀರೊಂದೇ ಅಲ್ಲ, ಉಪ್ಪೂ ಹೋಗುತ್ತೆ, ಬರೀ ನೀರು ಸುರಿದುಕೊಂಡರೆ ರಕ್ತದ ಉಪ್ಪು ಇನ್ನೂ ತೆಳುವಾಗುತ್ತೆ ಅಂತ ಮಕ್ಕಳಿಗೆ ಪಾಠ ಮಾಡುತ್ತಿದ್ದವನು ನಾನು. ಗೊತ್ತಿದ್ದು ಮಾಡಿದವಳು ಆಕೆ. ಆಕೆಯ ಊಟ ಅದು. ಆಮೇಲೆ ಆಕೆ ಏನು ತಿಂದಳೋ ಅಂತ ಈಗಲೂ ನೆನೆಯುತ್ತೇನೆ.

— ಮತ್ತೆ ಆ ಬೆಟ್ಟಕ್ಕೆ ಹೋದಿರಾ?

— ಹೋದೆ, ಡಿಸೆಂಬರಿನಲ್ಲಿ, ಬೆಳಕು ಹರಿದ ಕೂಡಲೇ. ಕತ್ತಲೆಯಲ್ಲಿ ಹತ್ತಬಾರದು, ಆ ಕಡೆ ಬೆಟ್ಟಗಳಲ್ಲಿ ಕರಡಿ, ಚಿರತೆ ಇವೆ. ಅವತ್ತು ಕಂಡದ್ದು ದೊಣೆ. ಏಪ್ರಿಲಿನಲ್ಲಿ ಅದರ ಪಕ್ಕದಲ್ಲೇ ಹಾದಿರಬೇಕು, ಒಣಗಿದ ಗುಂಡಿ ಅಂತ ದಾಟಿರಬೇಕು.

— ದೊಣೆಯ ವಿಷಯ ಹೇಳಿ. ಬಾರ್ಕರ್ ಡ್ಯಾಮ್ ನೋಡಿದಾಗ ನನಗೆ ಆ ಮಾತು ನಾಲಗೆಯ ತುದಿಗೆ ಬಂದಿತ್ತು. 1900ರ ಆಸುಪಾಸಿನಲ್ಲಿ ದನ ಸಾಕುವವರು ಎರಡು ಬಂಡೆಗಳ ನಡುವೆ ಗೋಡೆ ಕಟ್ಟಿ ಮಳೆನೀರು ನಿಲ್ಲಿಸಿದ್ದಾರೆ, ಅಷ್ಟೇ. ಬೇಸಿಗೆಯಲ್ಲಿ ಒಣಗಿರುತ್ತಂತೆ. ನಾವು ಹೋದಾಗ ಮಂಡಿಯುದ್ದ ನೀರಿತ್ತು. ಆ ನೀರನ್ನು ನೋಡಲು ಜನ ಪಿಸುಮಾತಿನಲ್ಲಿ ನಿಂತಿದ್ದರು, ಗರ್ಭಗುಡಿಯ ಮುಂದೆ ನಿಂತ ಹಾಗೆ.

— ದೊಣೆಗೆ ಗೋಡೆಯೂ ಬೇಡ. ಬಂಡೆಯ ನೆತ್ತಿಯಲ್ಲಿ ಎಲ್ಲೋ ಒಂದು ಹರಳು ಸಡಿಲವಾಗಿ ಚಿಕ್ಕ ತಗ್ಗು ಆಗುತ್ತೆ. ಅಲ್ಲಿ ನೀರು ನಿಲ್ಲುತ್ತೆ, ನಿಂತ ನೀರು ಇನ್ನಷ್ಟು ಕಲ್ಲು ತಿನ್ನುತ್ತೆ, ತಗ್ಗು ದೊಡ್ಡದಾಗುತ್ತೆ, ಇನ್ನಷ್ಟು ನೀರು. ನೀರೇ ತನಗೆ ಪಾತ್ರೆ ಮಾಡಿಕೊಳ್ಳೋದು. ಅವತ್ತು ನಾನು ನೋಡಿದ ದೊಣೆ ಈ ಬೆಂಚಿಗಿಂತ ಸ್ವಲ್ಪ ಉದ್ದ, ಮೊಣಕೈ ಮುಳುಗುವಷ್ಟು ಆಳ. ಹೊಟ್ಟೆಯ ಮೇಲೆ ಮಲಗಿ ಇಣುಕಿದೆ. ತಳದಲ್ಲಿ ಬೆರಳುಗೇಣು ಮಣ್ಣು, ಮಣ್ಣಿನಲ್ಲಿ ಕೂದಲಿನಂಥ ಹುಲ್ಲು. ನೀರಮೇಲೆ ಓಡುವ ಹುಳ, ಅದರ ನೆರಳು ತಳದಲ್ಲಿ ಅದಕ್ಕಿಂತ ದೊಡ್ಡದಾಗಿ ಓಡುತ್ತಿತ್ತು. ನಾಲ್ಕು ಗೊದಮೊಟ್ಟೆ, ಎರಡಕ್ಕೆ ಹಿಂಗಾಲು ಮೂಡಿತ್ತು. ದೊಣೆ ಒಣಗುವ ಮೊದಲು ಮುಂಗಾಲೂ ಮೂಡಬೇಕು. ಎಷ್ಟು ಅವಸರ ಇರಬೇಕು ಅವಕ್ಕೆ! ಅರ್ಧ ಗಂಟೆ ಹಾಗೇ ಮಲಗಿದ್ದೆ. ಆಮೇಲೆ ಒಂದು ಪಿಕಳಾರ ನೀರಿಗೆ ಇಳಿಯಿತು. ಊರೊಳಗಿನದಲ್ಲ, ಹಳದಿ ಕೊರಳಿನದು. ಬಂಡೆಗುಡ್ಡದ ಕುರುಚಲನ್ನು ಬಿಟ್ಟು ಅದು ಬೇರೆಲ್ಲೂ ಇರುವುದಿಲ್ಲ, ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲೇ ಇಲ್ಲ.

— ಅಂದರೆ ಆ ಹಕ್ಕಿಗೆ ಈ ಬರಡೇ ಬೇಕು.

— ಬರಡು ಅನ್ನೋದು ನಾವು. ದರೋಜಿಗೆ ಹೋಗಿ ನೋಡಿ. ಹಂಪಿಯ ಪಕ್ಕದ ಕರಡಿಧಾಮ, 1994ರಲ್ಲಿ ಆದದ್ದು. ಬಂಡೆ, ಕಳ್ಳಿ, ಮುಳ್ಳು. ಆ ಮುಳ್ಳಿನ ಮಧ್ಯೆ ಕವಳೆ, ಕಾರೆ, ಬಾರೆ, ಗೆದ್ದಲು, ಜೇನು. ಇಷ್ಟು ದೊಡ್ಡ ಪ್ರಾಣಿ ಅದರಲ್ಲೇ ಹೊಟ್ಟೆ ತುಂಬಿಸಿಕೊಂಡು ಬೆನ್ನ ಮೇಲೆ ಎರಡು ಮರಿ ಹೊತ್ತುಕೊಂಡು ತಿರುಗುತ್ತೆ.

— 1994! ಜೋಶುವಾ ಟ್ರೀಗೆ ನ್ಯಾಷನಲ್ ಪಾರ್ಕ್ ಅಂತ ಹೆಸರು ಬಂದದ್ದೂ ಅದೇ ವರ್ಷ, ಡೆತ್ ವ್ಯಾಲಿಗೂ. ಅದಕ್ಕೆ ಮೊದಲು ಅರವತ್ತು ವರ್ಷದ ಕತೆ ಇದೆ. ಮಿನರ್ವಾ ಹಾಯ್ಟ್ ಅಂತ ಒಬ್ಬ ಹೆಂಗಸು. ಪಾಸಡೀನಾದ ಅನುಕೂಲಸ್ಥ ಮನೆ, ತೋಟದ ಹುಚ್ಚು. ಮಗ ಹೋದ, ಗಂಡ ಹೋದ. ದುಃಖದಲ್ಲಿ ಆಕೆಗೆ ಸಮಾಧಾನ ಸಿಕ್ಕಿದ್ದು ಮರುಭೂಮಿಯಲ್ಲಿ. ಆ ಹೊತ್ತಿಗೆ ಲಾಸ್ ಏಂಜಲೀಸಿನ ಜನ ಮನೆ ಮುಂದೆ ನೆಡಲು ಅಲ್ಲಿನ ಕಳ್ಳಿಗಳನ್ನು ಲಾರಿಗಟ್ಟಲೆ ಕಿತ್ತು ತರುತ್ತಿದ್ದರು. ರಾತ್ರಿ ಗುರುತಿಗೆ ಅಂತ ಜೋಶುವಾ ಮರಕ್ಕೆ ಬೆಂಕಿ ಇಡುತ್ತಿದ್ದವರೂ ಇದ್ದರು. ಆಕೆ ಮರುಭೂಮಿಯ ಗಿಡಗಳನ್ನು ನ್ಯೂಯಾರ್ಕ್, ಬಾಸ್ಟನ್, ಲಂಡನ್ ಪ್ರದರ್ಶನಗಳಿಗೆ ಒಯ್ದು ಜನರಿಗೆ ತೋರಿಸಿದಳು. ಕೊನೆಗೆ 1936ರಲ್ಲಿ ಆ ನೆಲವನ್ನು ಕಾಯ್ದಿಡುವ ಘೋಷಣೆಗೆ ಅಧ್ಯಕ್ಷ ರೂಸ್ವೆಲ್ಟ್ ಸಹಿ ಹಾಕಿದ. ಹಸಿರು ಕಾಡಿಗಾಗಿ ಯಾರಾದರೂ ಹೋರಾಡುತ್ತಾರೆ ಸರ್. ಮುಳ್ಳಿಗಾಗಿ ಹೋರಾಡಿದವಳು ಆಕೆ.

— ಒಳ್ಳೆಯ ಮಾತು. ಆದರೆ ಆಕೆಗೂ ಮೊದಲು ಅಲ್ಲಿ ಜನ ಇದ್ದಿರಬೇಕಲ್ಲ.

— ಇದ್ದರು. ಸೆರಾನೋ, ಕವೀಯಾ, ಚೆಮೆವೇವಿ. ಪಾರ್ಕಿನ ಹಲವು ಬಂಡೆಗಳಲ್ಲಿ ಅವರು ಕಾಳು ಕುಟ್ಟಿದ ಕುಳಿಗಳಿವೆ, ನಮ್ಮ ಹಿತ್ತಿಲಿನ ನೆಲದೊರಳಿನ ಹಾಗೆ ನುಣ್ಣಗೆ. ನಾನು ಒಂದರೊಳಗೆ ಮುಷ್ಟಿ ಇಟ್ಟೆ, ಸರಿಯಾಗಿ ಕೂತಿತು. ಕುಟ್ಟಿದ ಕೈಗಳೆಲ್ಲ ಹೆಂಗಸರದೇ ಇರಬೇಕು ಅನ್ನಿಸಿತು. ಅವರು ಆ ನೆಲ ಬಿಟ್ಟು ಹೋಗಬೇಕಾಯಿತಂತೆ. ಪಾರ್ಕು ಎಷ್ಟೇ ಚೆಂದ ಇರಲಿ, ಆ ಕುಳಿಯ ಮುಂದೆ ನನಗೆ ಮಾತು ಬರಲಿಲ್ಲ.

— ನಮ್ಮ ಸೀಮೆಯಲ್ಲಿ ಹುಲ್ಲುಗಾವಲಿಗೆ ಕಾವಲು ಅಂತಲೇ ಹೆಸರು, ಅಮೃತ ಮಹಲ್ ಕಾವಲು. ಅರಮನೆಯ ದನ ಮೇಯಲು ಕಾಯ್ದಿಟ್ಟ ನೆಲ. ಕಾಗದದಲ್ಲಿ ಅದೇ ನೆಲಕ್ಕೆ ಬೀಳು, ಬಂಜರು, ಖರಾಬು ಅಂತ ಹೆಸರು ಬರೆದು ನೋಡಿ, ನಾಳೆಯಿಂದ ಅಲ್ಲಿ ಏನು ಬೇಕಾದರೂ ಅಗೆಯಬಹುದು, ಏನು ಬೇಕಾದರೂ ಸುರಿಯಬಹುದು. ಒಳ್ಳೆಯ ಮನಸ್ಸಿನವರೂ ಹೋಗಿ ಗುಂಡಿ ತೋಡಿ ಸಸಿ ನೆಡುತ್ತಾರೆ. ಹುಲ್ಲಿನ ನೆಲಕ್ಕೆ ನೀಲಗಿರಿ ನೆಟ್ಟರೆ ಕೃಷ್ಣಮೃಗ ಎಲ್ಲಿ ಓಡಬೇಕು? ಅದಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹರಿಯುವ ಬಯಲು. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ 2007ರಲ್ಲಿ ಸುಮಾರು ಎಂಟುನೂರು ಎಕರೆಯನ್ನು ಕೃಷ್ಣಮೃಗಕ್ಕೆ ಅಂತ ಬಿಟ್ಟರಲ್ಲ, ಜಯಮಂಗಲಿ ಮೀಸಲು, ಅಲ್ಲಿ ನಿಂತಾಗ ನನಗೆ ಉಸಿರು ಬಂತು. ಇನ್ನೊಂದು ಹೇಳುತ್ತೇನೆ, ನಂಬುತ್ತೀರೋ ಇಲ್ಲವೋ. ಜೈಸಲ್ಮೇರಿನ ಡೆಸರ್ಟ್ ನ್ಯಾಷನಲ್ ಪಾರ್ಕಿನಲ್ಲಿ ಓಡಾಡುವ ಚಿಂಕಾರ ನಮ್ಮ ಶಿರಾ ತಾಲ್ಲೂಕಿನಲ್ಲೂ ಇದೆ.

— ಶಿರಾದಲ್ಲಿ? ಪುಣೆ ರಸ್ತೆಯ ಶಿರಾ?

— ಅದೇ. ಇಲ್ಲಿಂದ ಎರಡೂವರೆ ಗಂಟೆ. ಬುಕ್ಕಾಪಟ್ಟಣದ ಕುರುಚಲು ಕಾಡು. 2019ರಲ್ಲಿ ಅದನ್ನು ಚಿಂಕಾರ ವನ್ಯಧಾಮ ಅಂತ ಘೋಷಿಸಿದರು. ಥಾರ್ ಮರುಭೂಮಿಯ ಜೀವ ಅಂತ ಪುಸ್ತಕದಲ್ಲಿ ಓದಿದ್ದು ನಮ್ಮ ಹಳ್ಳಿಗಳ ಬೆನ್ನಿಗೇ ಇತ್ತು. ನಾವು ಬಸ್ಸಿನ ಕಿಟಕಿಯಿಂದ ‘ಏನೂ ಇಲ್ಲ’ ಅಂತ ನೋಡಿ ನಿದ್ದೆ ಮಾಡಿದ ಜಾಗ ಅದು.

— ಕಾರಿನ ಕಿಟಕಿಯಿಂದ ನನಗೂ ಬರೀ ಬಂಡೆ ಕಂಡಿತ್ತು ಸರ್. ಇಳಿದು ನಡೆದ ಮೇಲೇ ಹಲ್ಲಿ ಕಂಡಿದ್ದು, ಇರುವೆಗೂಡು ಕಂಡಿದ್ದು, ಮರಳಿನಲ್ಲಿ ಹಾವು ಹರಿದ ಗೆರೆ ಕಂಡಿದ್ದು. ಮುಳ್ಳೂ ಸಿಕ್ಕಿತು. ಚೋಯಾ ಅನ್ನೋ ಒಂದು ಕಳ್ಳಿ, ದೂರದಿಂದ ನೋಡಿದರೆ ಬೆಳ್ಳನೆ ಉಣ್ಣೆಯ ಹಾಗೆ, ಸಂಜೆ ಬಿಸಿಲಿಗೆ ಮೈಯೆಲ್ಲ ಬೆಳಗುತ್ತೆ. ಸೋಕಿದರೆ ಸಾಕು, ಒಂದು ಉಂಡೆ ಕಳಚಿ ನಮ್ಮ ಜೊತೆಗೇ ಬರುತ್ತೆ. ನನ್ನ ಸೀರೆಯ ಅಂಚಿಗೊಂದು, ಕಾಲುಚೀಲಕ್ಕೊಂದು. ಕೈಯಲ್ಲಿ ಕೀಳಲು ಹೋದರೆ ಕೈಗೂ ಹತ್ತುತ್ತೆ, ಮುಳ್ಳಿನ ತುದಿಯಲ್ಲಿ ಕಣ್ಣಿಗೆ ಕಾಣದ ಹಿಂಗೊಕ್ಕೆ ಇರುತ್ತಂತೆ. ಮಗಳು ಚೀಲದಿಂದ ಬಾಚಣಿಗೆ ತೆಗೆದು ಉಂಡೆಯ ಕೆಳಗೆ ತೂರಿಸಿ ಒಂದೇ ಸಲಕ್ಕೆ ಎಗರಿಸಿದಳು. ನಾನು ಅವಳಿಗೆ ಜಡೆ ಹಾಕುತ್ತಿದ್ದ ಕಾಲದ ಮರದ ಬಾಚಣಿಗೆ ಅದು, ಇಲ್ಲಿಂದ ಒಯ್ದದ್ದು.

— ಅದು ಈಗ ಎಲ್ಲಿದೆ?

— ಅವಳ ಹತ್ತಿರವೇ ಇರಲಿ ಅಂತ ಬಿಟ್ಟುಬಂದೆ. ಸರ್, ಈ ನಮ್ಮ ರಸ್ತೆಗೆ ಬಳ್ಳಾರಿ ರಸ್ತೆ ಅಂತ ಹೆಸರಿದೆ. ಹೆಬ್ಬಾಳದ ಮೇಲುಸೇತುವೆ ದಾಟಿದರೆ ನಮಗೆಲ್ಲ ಅದು ಏರ್‌ಪೋರ್ಟ್ ರಸ್ತೆ. ವಿಮಾನ ಹತ್ತಲಿಕ್ಕೆ ಹೋಗುತ್ತೀವಿ, ಬಳ್ಳಾರಿಯ ಕಡೆಗೆ ಹೋಗುವುದೇ ಇಲ್ಲ. ಮಧುಗಿರಿಗೆ ನನ್ನನ್ನು ಕರೆದುಕೊಂಡು ಹೋಗುತ್ತೀರಾ?

— ತುದಿಯವರೆಗೆ ಬೇಡ. ಮೇಲಿನ ಭಾಗ ಕಡಿದು, ಇಳಿಯುವಾಗ ಮಂಡಿಗೆ ಕಷ್ಟ. ದೊಣೆಯವರೆಗೆ ಹೋಗೋಣ. ಈ ಸಲ ಹಿಂಗಾರು ಚೆನ್ನಾಗಿ ಆಗಿದೆ, ನೀರಿರುತ್ತೆ. ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ಮೇಲೆ ಹೋದರೆ ಮೂರು ಗಂಟೆಯೊಳಗೆ ಬುಡದಲ್ಲಿರುತ್ತೀವಿ. ಮೂರೂವರೆಗೆ ಇಲ್ಲಿಂದ ಹೊರಟರೆ ಬೆಳಕು ಹರಿಯುವಾಗ ಮೊದಲ ಮೆಟ್ಟಿಲು, ಹತ್ತಕ್ಕೆ ವಾಪಸು ಕೆಳಗೆ.

— ನಾಲ್ಕು ಲೀಟರು ನೀರು ತರುತ್ತೇನೆ.

— ಇಬ್ಬರಿಗೂ ಸೇರಿ ಅಷ್ಟು ಸಾಕು, ಚಳಿಗಾಲ. ರಾಗಿ ಅಂಬಲಿ ನಾನು ತರುತ್ತೇನೆ, ಉಪ್ಪು ಹಾಕಿ. ಒಂದು ಕ್ಯಾನು ಹೆಚ್ಚಿಗೆ ಇರಲಿ. ಆ ಬಾಗಿಲ ಹತ್ತಿರ ಆಡು ಮೇಯಿಸೋರು ಯಾರಾದರೂ ಇದ್ದೇ ಇರುತ್ತಾರೆ.